ಅಪ್ಪನನ್ನು ದೇವರು ಮಾಡುವವರಿಗೆ

ಯಾವ ಊರಿನ ಸರ್ಕಲ್ಲಿನಲ್ಲಿ ಬೇಕಾದರೂ ನಿಂತು ತಲೆ ಎತ್ತಿ ನೋಡಿ. ಕರೆಂಟ್ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಒಬ್ಬ ಹಿರಿಯರು ಕೈಮುಗಿದು ನಿಂತಿರುತ್ತಾರೆ. ಹಿಂದೆ ನೀಲಿ ಮೋಡ, ಪಕ್ಕದಲ್ಲಿ ಉರಿಯುವ ದೀಪ, ಮೂಲೆಯಲ್ಲಿ ಎರಡು ಬಿಳಿ ಪಾರಿವಾಳ. ಕೆಳಗೆ ಬಿರುದುಗಳ ಸಾಲು: ಸರಳ ಸಜ್ಜನ, ಅಜಾತಶತ್ರು, ಕೊಡುಗೈ ದಾನಿ, ತ್ಯಾಗಮೂರ್ತಿ. ‘ಮತ್ತೊಮ್ಮೆ ಹುಟ್ಟಿ ಬನ್ನಿ’ ಎಂಬ ಕೋರಿಕೆ. ಅದರ ಕೆಳಗೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು. ಇನ್ನೂ ಕೆಳಗೆ, ಫ್ಲೆಕ್ಸ್ ಹಾಕಿಸಿದ ಮುಖಂಡರ ಮುಖ. ಕೆಲವು ಸಲ ಅದು ತೀರಿಕೊಂಡವರ ಮುಖಕ್ಕಿಂತ ದೊಡ್ಡದು. ಆ ಹಿರಿಯರ ಫೋಟೊ ಕಿತ್ತು ಬೇರೊಬ್ಬರ ಫೋಟೊ ಅಂಟಿಸಿದರೆ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಪತ್ರಿಕೆಗಳ ಶ್ರದ್ಧಾಂಜಲಿ ಪುಟವೂ ಅಷ್ಟೇ, ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೊಂದು ಬೀಳುವ ‘ಓಂ ಶಾಂತಿ’ಯೂ ಅಷ್ಟೇ. 2018ರಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನ ಪಾಲಿಕೆ ಫ್ಲೆಕ್ಸುಗಳನ್ನು ನಿಷೇಧಿಸಿತು. ಪ್ಲಾಸ್ಟಿಕ್ಕಿನ ಮಟ್ಟಿಗೆ ಒಳ್ಳೆಯ ಕೆಲಸವೇ. ಒಕ್ಕಣೆಯನ್ನು ಮಾತ್ರ ಯಾವ ಕೋರ್ಟೂ ನಿಷೇಧಿಸಲಾರದು.

ಇದರ ಹಿಂದಿರುವ ನಂಬಿಕೆ ನಮ್ಮೆಲ್ಲರ ಮನೆಯದು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಅದರಲ್ಲೂ ಹೆತ್ತ ಅಪ್ಪನ ಬಗ್ಗೆ. ಹಾಗೆ ಆಡುವುದೇ ಪ್ರೀತಿ, ಬೇರೆ ಮಾತೆತ್ತಿದವನು ಕೃತಘ್ನ. ಈ ನಂಬಿಕೆಯನ್ನು ಯಾರೂ ವಾದ ಮಾಡಿ ಸ್ಥಾಪಿಸಿಲ್ಲ. ವಾದವೇ ಬೇಡವೆನ್ನುವಷ್ಟು ಅದು ಗಟ್ಟಿಯಾಗಿ ಕೂತಿದೆ. ನಾನು ಇದನ್ನು ಒಪ್ಪುವುದಿಲ್ಲ. ಅಪ್ಪನನ್ನು ಮರೆಯುವುದಕ್ಕೆ ನಾವು ಕಂಡುಕೊಂಡಿರುವ ಅತ್ಯಂತ ಸುಲಭದ, ಮರ್ಯಾದಸ್ಥ ದಾರಿ ಇದು ಎಂದೇ ನನ್ನ ತಕರಾರು. ಒಬ್ಬ ಮನುಷ್ಯ ಎಪ್ಪತ್ತೆಂಬತ್ತು ವರ್ಷ ಬಾಳಿ, ದುಡಿದು, ಜಗಳವಾಡಿ, ಸಾಲ ಮಾಡಿ, ಸಾಲ ತೀರಿಸಿ ಹೋಗಿರುತ್ತಾನೆ. ಹನ್ನೊಂದನೇ ದಿನಕ್ಕೆ ಅವನನ್ನು ನಾಲ್ಕು ವಿಶೇಷಣಗಳೊಳಗೆ ಹಾಕಿ ಮುಚ್ಚಳ ಮುಚ್ಚುತ್ತೇವೆ. ಆಮೇಲೆ ಯಾರೂ ತೆರೆದು ನೋಡುವುದಿಲ್ಲ, ತೆರೆದರೆ ಒಳಗೆ ಏನೂ ಇರುವುದಿಲ್ಲ. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಎಂದು ಹಳ್ಳಿಯ ಜನ ನಗುವುದು ಎಮ್ಮೆಯನ್ನು ನೋಡಿ ಅಲ್ಲ, ಹಾಗೆ ಹೇಳುವವನನ್ನು ನೋಡಿ.

ಮಾತನ್ನು ಗಾಳಿಯಲ್ಲಿ ತೇಲಿಬಿಡುವುದಕ್ಕಿಂತ ನನ್ನ ಅಪ್ಪನನ್ನೇ ಮುಂದಿಟ್ಟು ಹೇಳುತ್ತೇನೆ.

ಅವರು ರೇಷ್ಮೆ ಬೆಳೆಗಾರರು. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹಾಕಿ ಬದುಕಿದ ಸಾವಿರಾರು ಮಂದಿಯಲ್ಲಿ ಒಬ್ಬರು. ನಮ್ಮ ಮನೆಯ ಅರ್ಧ ಭಾಗ ಹುಳುವಿನದು, ಉಳಿದರ್ಧ ನಮ್ಮದು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಅದು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂತು ಹಳೇ ಚರ್ಮ ಕಳಚುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ರಾತ್ರಿ ಮೇವು ಹಾಕಿ ದೀಪ ಆರಿಸಿದರೆ ತಟ್ಟೆಗಳಿಂದ ಸೋನೆಮಳೆ ಹಿಡಿದಂಥ ಸದ್ದು. ಅಪ್ಪ ಆ ಸದ್ದನ್ನು ಗೋಡೆಯಾಚೆ ಮಲಗಿಕೊಂಡೇ ಕೇಳಿಸಿಕೊಳ್ಳುತ್ತಿದ್ದರು. ಸದ್ದು ಸಣ್ಣಗಾದರೆ ಎದ್ದು ಹೋಗುತ್ತಿದ್ದರು. ಹಾಲುತೊಂಡೆ ರೋಗ ಹಿಡಿದ ಹುಳು ಮೇವಿನ ಮೇಲೆ ನಿಲ್ಲುವುದಿಲ್ಲ, ತಟ್ಟೆಯ ಅಂಚಿನಲ್ಲಿ ಗುರಿಯಿಲ್ಲದೆ ಸುತ್ತುತ್ತದೆ. ಮೈ ಊದಿ, ಸ್ವಲ್ಪ ಒತ್ತಿದರೂ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಅಂಥದ್ದೊಂದು ನೂರಾರು ಹುಳುಗಳ ನಡುವೆ ಇದ್ದರೆ ನಮ್ಮ ಕಣ್ಣಿಗೆ ಬೀಳುವ ಮೊದಲೇ ಅಪ್ಪ ಎರಡು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿನ ಬಟ್ಟಲಿಗೆ ಹಾಕಿಯಾಗಿರುತ್ತಿತ್ತು.

ಅವರು ಬೀಡಿ ಸೇದುತ್ತಿದ್ದರು. ಹೊಗೆಸೊಪ್ಪಿನ ಘಾಟು ಹುಳುವಿಗೆ ವಿಷ. ಹಾಗಾಗಿ ಬೀಡಿ ಹಚ್ಚಬೇಕಾದರೆ ತೋಟ ದಾಟಿ, ಬದುವಿನಾಚೆ ಹೋಗಿ ಕೂರುತ್ತಿದ್ದರು. ವಾಪಸು ಬಂದು ಬೂದಿ ಹಾಕಿ ಕೈ ಉಜ್ಜಿ, ಬಾಯಿ ಮುಕ್ಕಳಿಸಿ, ಬೇರೆ ಟವೆಲ್ಲು ಹೊದ್ದು ಹುಳುವಿನ ಮನೆಗೆ ಹೋಗುತ್ತಿದ್ದರು. ಅಮ್ಮ ಕೆಮ್ಮುತ್ತಾಳೆಂದು ಅವರು ಒಂದು ದಿನವೂ ಬೀಡಿ ಹಿಡಿದು ಹೊರಗೆ ಹೋದವರಲ್ಲ. ಹುಳುವಿಗೋಸ್ಕರ ಮಳೆಯಲ್ಲೂ ಬದು ದಾಟುತ್ತಿದ್ದರು. ಈ ಎರಡು ವಾಕ್ಯಗಳಲ್ಲಿ ನಮ್ಮಪ್ಪ ಎಷ್ಟು ಸಿಗುತ್ತಾರೋ ‘ಸರಳ ಸಜ್ಜನ’ದಲ್ಲಿ ಅದರ ಕಾಲು ಭಾಗವೂ ಸಿಗುವುದಿಲ್ಲ.

ಅಣ್ಣ ಹಾಕಿಸಿದ ಫ್ಲೆಕ್ಸಿನಲ್ಲಿ ಅಪ್ಪ ‘ಅಜಾತಶತ್ರು’ ಆಗಿದ್ದರು. ಅಪ್ಪನಿಗೆ ಶತ್ರು ಇದ್ದರು, ಪಕ್ಕದ ಹೊಲದವರೇ. ಅವರು ತಮ್ಮ ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಹಾರಿ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುವ ಮೊದಲೇ ತಟ್ಟೆತಟ್ಟೆಯೇ ಸತ್ತವು. ಅವತ್ತು ನಿಂತ ಮಾತು ಅಪ್ಪ ಸಾಯುವವರೆಗೂ ನಿಂತೇ ಇತ್ತು. ಅವರ ಮಗಳ ಮದುವೆಗೆ ಅಮ್ಮನನ್ನು ಕಳಿಸಿದರು, ತಾವು ಹೋಗಲಿಲ್ಲ. ಇದರಲ್ಲಿ ತಪ್ಪು ಯಾರದು ಎಷ್ಟು ಎಂದು ತೂಗುವುದು ನನ್ನ ಕೆಲಸವಲ್ಲ. ಒಂದು ಬೆಳೆ ಹುಳು ಸತ್ತದ್ದಕ್ಕೆ ಜೀವನಪೂರ್ತಿ ಮಾತು ಬಿಡುವ ಮನುಷ್ಯನಿಗೆ ಆ ಬೆಳೆ ಏನಾಗಿತ್ತು ಎಂಬುದು ಈ ಜಗಳದಿಂದ ತಿಳಿಯುತ್ತದೆ. ‘ಅಜಾತಶತ್ರು’ ಎಂದ ಕೂಡಲೇ ಜಗಳವೂ ಹೋಯಿತು, ಆ ಬೆಳೆಯೂ ಹೋಯಿತು.

ಇನ್ನು ‘ತ್ಯಾಗಮೂರ್ತಿ’. ಅಕ್ಕ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು, ನಮ್ಮ ಮನೆಯಲ್ಲಿ ಆವರೆಗೆ ಯಾರೂ ತೆಗೆಯದಷ್ಟು ಅಂಕ ತೆಗೆದು. ಪಿಯುಸಿಗೆ ಪಕ್ಕದ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಬೇಕಿತ್ತು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ಒಂದೆರಡು ದಿನದಲ್ಲಿ ಮುಗಿಯಬೇಕಾದ ಕೆಲಸ. ಕೈ ಹೆಚ್ಚಿದ್ದಷ್ಟೂ ಒಳ್ಳೆಯದು. ಅಕ್ಕನ ಕೈ ಎಲ್ಲರಿಗಿಂತ ಚುರುಕು. ಅಪ್ಪ ಬೇಡ ಅಂದರು. ಗಲಾಟೆ ಮಾಡಿ ಅಲ್ಲ, ಸೊಪ್ಪು ಹೆಚ್ಚುತ್ತಾ ತಲೆ ಎತ್ತದೆ ‘ಬ್ಯಾಡ ಬಿಡು’ ಅಂದರು, ಅಷ್ಟೇ. ಅಣ್ಣನೂ ನಾನೂ ಓದಿದೆವು. ಫ್ಲೆಕ್ಸ್ ನೋಡಿ ಬಂದ ಅಕ್ಕ ಅಡುಗೆಮನೆಯಲ್ಲಿ ಹೇಳಿದ ಮಾತು ಹೀಗಿತ್ತು: “ತ್ಯಾಗಮೂರ್ತಿ ಅಂತ ಬರ್ಸಿದ್ದೀರಲ್ಲ, ಯಾರ್ದು ತ್ಯಾಗ ಅಂತ್ಲೂ ಬರ್ಸಬೇಕಿತ್ತು ಕಣಪ್ಪ.”

ಅಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಲೇ ಇರಲಿಲ್ಲವೇನೋ. ಎಷ್ಟೋ ವರ್ಷದ ಮೇಲೆ ಅಕ್ಕನ ಮಗಳು ನರ್ಸಿಂಗ್ ಓದಬೇಕೆಂದಾಗ ಭಾವ ಹಿಂದೆಮುಂದೆ ನೋಡಿದರು. ಅಪ್ಪ ಯಾರಿಗೂ ಹೇಳದೆ, ಒಂದು ಬೆಳೆ ಗೂಡು ಮಾರಿದ ದುಡ್ಡನ್ನು ಮಾರುಕಟ್ಟೆಯಿಂದ ನೇರವಾಗಿ ಆ ಹುಡುಗಿಯ ಕಾಲೇಜಿಗೆ ತೆಗೆದುಕೊಂಡು ಹೋಗಿ ಕಟ್ಟಿ ಬಂದರು. ಮನೆಗೆ ಬಂದಾಗ ಜೇಬಿನಲ್ಲಿ ರಸೀದಿ ಇತ್ತು, ಕೈಯಲ್ಲಿ ಮೊಮ್ಮಕ್ಕಳಿಗೆಂದು ತಂದ ಬೆಣ್ಣೆ ಬಿಸ್ಕತ್ತು. ಯಾಕೆ ಕಟ್ಟಿದೆ ಎಂದು ಅವರು ಹೇಳಲಿಲ್ಲ, ಅಕ್ಕ ಕೇಳಲಿಲ್ಲ. ಫ್ಲೆಕ್ಸಿನವರಿಗೆ ಈ ಪ್ರಸಂಗ ಸಿಕ್ಕರೆ ‘ವಿದ್ಯಾದಾನಿ’ ಎಂಬ ಐದನೇ ಬಿರುದು ಸೇರಿಸಿಯಾರು. ಆದರೆ ಅಕ್ಕನ ಪಿಯುಸಿ ಗೊತ್ತಿಲ್ಲದವರಿಗೆ ಆ ರಸೀದಿ ಬರೀ ರಸೀದಿ. ಮೊದಲನೆಯದನ್ನು ಮುಚ್ಚಿಟ್ಟರೆ ಎರಡನೆಯದಕ್ಕೆ ಅರ್ಥವೇ ಇಲ್ಲ. ತಪ್ಪನ್ನು ಒರೆಸಿಹಾಕುವವರು ಅದರ ಜೊತೆಗೆ ತಿದ್ದಿಕೊಂಡದ್ದನ್ನೂ ಒರೆಸುತ್ತಾರೆ. ಅಪ್ಪ ಮುದುಕರಾಗುತ್ತಾ ಬೇರೆ ಮನುಷ್ಯರಾದರು. ಹುಟ್ಟಿದಾಗಿನಿಂದಲೂ ದೇವರೇ ಆಗಿದ್ದವನು ಬೇರೆಯಾಗುವುದು ಹೇಗೆ?

ಅಪ್ಪ ಮತ್ತು ತಾತ ಇಬ್ಬರೂ ಒಂದೇ ಮನುಷ್ಯ ಎಂದು ಕಾಗದದಲ್ಲಿ ಬರೆದರೆ ಸರಿ. ಮನೆಯೊಳಗೆ ಅವರು ಇಬ್ಬರು. ಒದ್ದೆ ಕಾಲಲ್ಲಿ ಹುಳುವಿನ ಮನೆಗೆ ಓಡಿದ್ದಕ್ಕೆ ನನಗೆ ಬಿದ್ದ ಏಟು ಇವತ್ತಿಗೂ ನೆನಪಿದೆ. ಅದೇ ಬಾಗಿಲಲ್ಲಿ ನನ್ನ ಮಗನನ್ನು ಕೂರಿಸಿಕೊಂಡು ಅವನ ಅಂಗೈಗೆ ಹುಳು ಬಿಟ್ಟು ‘ಕಚ್ಚಲ್ಲ, ನೋಡು’ ಅನ್ನುತ್ತಿದ್ದರು. ನನ್ನ ಮಗನಿಗೆ ಗೊತ್ತಿರುವುದು ಎರಡನೆಯವರು ಮಾತ್ರ. ಅವನಿಗೆ ಮೊದಲನೆಯವರನ್ನೂ ಪರಿಚಯ ಮಾಡಿಕೊಡುವುದು ನನ್ನ ಹೊಣೆ ಅಂದುಕೊಂಡಿದ್ದೇನೆ. ‘ಮಕ್ಕಳ ಮುಂದೆ ಇದೆಲ್ಲ ಯಾಕೆ’ ಎಂದು ಗದರುವ ನೆಂಟರಿಗೆ ಮಕ್ಕಳ ಬಗ್ಗೆ ಏನೂ ಗೊತ್ತಿಲ್ಲ. ಮಕ್ಕಳು ಮನೆಯ ಮಾತನ್ನು ಗೋಡೆಯಾಚೆ ಮಲಗಿಕೊಂಡೇ ಕೇಳಿಸಿಕೊಂಡಿರುತ್ತಾರೆ. ನಾವು ಹೇಳದೆ ಹೋದರೆ ಅವರು ಕಲಿಯುವುದು ತಾತ ಒಳ್ಳೆಯವರೆಂದಲ್ಲ, ಈ ಮನೆಯಲ್ಲಿ ನಿಜ ಹೇಳುವುದಿಲ್ಲ ಎಂದು.

ಡಾಕ್ಟರ ಮುಂದೆ ಕೂತಾಗಲಾದರೂ ಇದು ಅರ್ಥವಾಗಬೇಕು. ‘ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇತ್ತಾ? ಹಾರ್ಟ್ ಪ್ರಾಬ್ಲಮ್ಮು? ಕುಡೀತಿದ್ರಾ?’ ಅವರು ಕೇಳುವುದು ಅಪ್ಪನ ಮಾನ ತೆಗೆಯುವುದಕ್ಕಲ್ಲ. ಕುಡಿತದಿಂದ ಲಿವರ್ ಹೋಗಿ ಸತ್ತವರನ್ನು ‘ಅನಾರೋಗ್ಯದಿಂದ’, ನೇಣು ಹಾಕಿಕೊಂಡವರನ್ನು ‘ಹೃದಯಾಘಾತದಿಂದ’ ಎಂದು ಬರೆಸುವ ಮನೆಗಳಿವೆ. ಆ ಮನೆಯ ಮೊಮ್ಮಗ ತನ್ನ ಮೈಯಲ್ಲಿ, ಮನಸ್ಸಿನಲ್ಲಿ ಏನು ಹರಿಯುತ್ತಿದೆ ಎಂದು ತಿಳಿಯದೆ ಬೆಳೆಯುತ್ತಾನೆ. ಮರ್ಯಾದೆ ಸತ್ತವರದ್ದು ಉಳಿಯುತ್ತದೆ, ಪೆಟ್ಟು ಬದುಕಿರುವವರಿಗೆ ಬೀಳುತ್ತದೆ.

ಹಾಗಾದರೆ ಈ ಹೊಗಳಿಕೆಯಿಂದ ಲಾಭ ಯಾರಿಗೆ? ಸತ್ತವರಿಗೆ ಖಂಡಿತ ಅಲ್ಲ. ನಮ್ಮ ಕಡೆ ತಿಥಿ ಮುಗಿದು, ನೆಂಟರು ಹೊರಟು, ಶಾಮಿಯಾನ ಬಿಚ್ಚುವ ಹೊತ್ತಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ, ಮರಣ ಪ್ರಮಾಣಪತ್ರ, ಪೌತಿ ಖಾತೆ. ತಾತ, ಮುತ್ತಾತನ ಹೆಸರನ್ನು ಮನೆಯ ಗಂಡುಮಕ್ಕಳು ನಿಜವಾಗಿ ಹುಡುಕುವುದು ಆಗ. ಜೊತೆಗೆ ಹೆಣ್ಣುಮಕ್ಕಳ ಮುಂದೆ ಒಂದು ಹಕ್ಕು ಬಿಡುಗಡೆ ಪತ್ರ ಬರುತ್ತದೆ. ‘ಅಪ್ಪನ ಆತ್ಮಕ್ಕೆ ನೋವಾಗಬಾರದು’, ‘ಅಪ್ಪ ದೇವರಂಥವರು, ಅವರ ಮನೆ ಒಡೀಬಾರದು’: ಸಹಿ ಹಾಕಿಸಿಕೊಳ್ಳಲು ಬೇಕಾದ ಮಾತೆಲ್ಲ ಆಗಲೇ ಫ್ಲೆಕ್ಸಿನ ಮೇಲೆ ಅಚ್ಚಾಗಿರುತ್ತದೆ. ಕಾನೂನು ಬೇರೆ ಹೇಳುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಜಾಗ ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ದೇಶಕ್ಕೆಲ್ಲ ಅದನ್ನು ಹರಡಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾನೂನು ಇಷ್ಟು ಕೊಟ್ಟದ್ದನ್ನು ಒಂದು ‘ತ್ಯಾಗಮೂರ್ತಿ’ ಕಿತ್ತುಕೊಳ್ಳಬಲ್ಲದು. ದೇವರ ಮಗಳು ಆಸ್ತಿ ಕೇಳಿದರೆ ದುರಾಸೆ, ಮನುಷ್ಯನ ಮಗಳು ಕೇಳಿದರೆ ಲೆಕ್ಕ.

‘ಇದೆಲ್ಲ ಪೇಟೆಯಲ್ಲಿ ಓದಿದವರ ಮಾತು, ನಮ್ಮ ಸಂಸ್ಕೃತಿಯಲ್ಲಿ ಹಿರಿಯರು ದೇವರ ಸಮಾನ’ ಎನ್ನುವವರಿಗೆ ನಾನು ಸಂಸ್ಕೃತಿಯಿಂದಲೇ ಉತ್ತರ ಕೊಡುತ್ತೇನೆ. ನಮ್ಮ ಊರುಗಳಲ್ಲಿ ಮಹಾಲಯ ಅಮಾವಾಸ್ಯೆಗೆ, ಹಿರಿಯರ ಹಬ್ಬಕ್ಕೆ ಎಡೆ ಇಡುವುದನ್ನು ನೋಡಿದ್ದೀರಾ? ಬಾಳೆಎಲೆಯ ಮೇಲೆ ಹೋದವರಿಗೆ ಇಷ್ಟವಾದದ್ದೇ ಬರಬೇಕು. ಬೋಟಿ ಗೊಜ್ಜು ಇಷ್ಟವಿದ್ದರೆ ಬೋಟಿ ಗೊಜ್ಜು. ಬೀಡಿ ಸೇದುತ್ತಿದ್ದರೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಕುಡಿಯುತ್ತಿದ್ದರೆ ಒಂದು ಕ್ವಾರ್ಟರು, ಅದರಲ್ಲೂ ಅವರು ಕುಡಿಯುತ್ತಿದ್ದ ಬ್ರ್ಯಾಂಡೇ. ಎಲೆಅಡಿಕೆ, ಸುಣ್ಣ, ಕಡ್ಡಿಪುಡಿ, ಏನಿತ್ತೋ ಅದು. ಹೊಸ ಪಂಚೆ, ಸೀರೆ ಇಟ್ಟು ಧೂಪ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ. ಕುಡಿಯುತ್ತಿದ್ದವರಿಗೆ ಹಾಲು ಇಟ್ಟು ಸಂಭಾವಿತರನ್ನಾಗಿ ಮಾಡುವ ಎಡೆಯನ್ನು ನಾನು ಎಲ್ಲೂ ಕಂಡಿಲ್ಲ. ಯಾರಾದರೂ ಮಾಡಹೊರಟರೆ ಮನೆಯ ಮುದುಕಿಯರು ‘ಅವ್ನು ಯಾವತ್ತು ಹಾಲು ಕುಡ್ದಿದ್ದ’ ಎಂದು ನಕ್ಕುಬಿಟ್ಟಾರು. ಇಷ್ಟು ಪ್ರಾಮಾಣಿಕವಾಗಿ ನೆನೆಯುವ ಜನ, ಅಕ್ಷರ ಕಲಿತು ಫ್ಲೆಕ್ಸ್ ಅಂಗಡಿಗೆ ಹೋದ ಕೂಡಲೇ ಸುಳ್ಳಾಡಲು ಶುರುಮಾಡಿದ್ದು ಹೇಗೆ?

ಕಾಗೆಗೆ ಪಿಂಡ ಇಡುವುದನ್ನೂ ನೋಡಿ. ಕಾಗೆ ಮುಟ್ಟಲಿಲ್ಲವೆಂದರೆ ಹೋದವರಿಗೆ ಏನೋ ಆಸೆ ಉಳಿದಿದೆ, ಏನೋ ಸಿಟ್ಟಿದೆ ಎಂದೇ ಅರ್ಥ. ನಿಂತವರು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಾರೆ: ‘ಚಿಕ್ಕವಳ ಮದುವೆ ನಾನು ಮಾಡ್ತೀನಪ್ಪ’, ‘ಆ ಸಾಲ ನಾನು ತೀರಿಸ್ತೀನಿ’, ‘ನಾವು ಜಗಳ ಆಡಲ್ಲ’. ಯಾವುದೋ ಮಾತಿಗೆ ಕಾಗೆ ಇಳಿಯುತ್ತದೆ. ಇದನ್ನು ಮೂಢನಂಬಿಕೆ ಎನ್ನುವವರು ಎನ್ನಲಿ. ನನಗೆ ಕಾಣುವುದು ಇಷ್ಟು: ಸತ್ತವನಿಗೆ ಅತೃಪ್ತಿ ಇರಬಹುದು, ಅವನು ಸಾಲಗಾರನಾಗಿರಬಹುದು, ಮಕ್ಕಳ ಮೇಲೆ ಅವನಿಗೆ ಸಿಟ್ಟಿರಬಹುದು ಎಂದು ಊರ ಮುಂದೆ ಒಪ್ಪಿಕೊಳ್ಳುವ ಜಾಗ ಅದು. ವೈದಿಕರ ಶ್ರಾದ್ಧದಲ್ಲೂ ಅಪ್ಪ, ತಾತ, ಮುತ್ತಾತನನ್ನು ವಸು, ರುದ್ರ, ಆದಿತ್ಯ ರೂಪದಲ್ಲಿ ಕರೆಯುತ್ತಾರೆ, ನಿಜ. ಆದರೆ ಬರೀ ‘ವಸುರೂಪ’ ಎಂದು ಬಿಡುವುದಿಲ್ಲ. ಗೋತ್ರ ಹೇಳಬೇಕು, ಹೆಸರು ಹೇಳಬೇಕು, ಮೂವರದೂ ಬೇರೆಬೇರೆಯಾಗಿ. ಪುರೋಹಿತರು ಕೇಳಿದಾಗ ಮುತ್ತಾತನ ಹೆಸರಿಗೆ ತಡವರಿಸಿ ಅಮ್ಮನ ಕಡೆ ತಿರುಗಿ ನೋಡುವ ಗಂಡುಮಕ್ಕಳನ್ನು ನಾನು ಎಷ್ಟು ನೋಡಿಲ್ಲ.

ಕಲ್ಲಿನ ಸಾಕ್ಷಿ ಬೇಕೆಂದರೆ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಹಂತ. ಮೇಲೆ ವೀರ ಸ್ವರ್ಗದಲ್ಲಿ ಶಿವನ ಮುಂದೆ ಕೂತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿರುತ್ತಾರೆ. ‘ನೋಡಿ, ಅವರೂ ದೇವರು ಮಾಡಿದ್ದಾರೆ’ ಅನ್ನಬೇಡಿ, ಕೆಳಗಿನ ಹಂತ ನೋಡಿ. ಅಲ್ಲಿ ತುರು ಹೊಡೆದುಕೊಂಡು ಹೋಗುವ ಕಳ್ಳರಿದ್ದಾರೆ, ದನಗಳಿವೆ, ಬಿಲ್ಲು ಬಾಣ ಇವೆ, ಬಿದ್ದ ಹೆಣಗಳಿವೆ. ಅವನು ಏನು ಮಾಡುತ್ತಾ ಸತ್ತ ಎಂಬುದು ಮೊದಲು, ಸ್ವರ್ಗ ಆಮೇಲೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 10ನೇ ಶತಮಾನದ ನಡುವಿನಲ್ಲಿ ಒಂದು ಕಲ್ಲು ಹಾಕಿಸಿದರು, ಕಾಳಿ ಎಂಬ ಬೇಟೆನಾಯಿಗೆ. ಅದು ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಕಾಳಿಯ ಒಡೆಯ ಮಣಲೆರ. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಗಂಗ ದೊರೆ ಬೂತುಗ ಏನು ಬೇಕು ಕೇಳು ಎಂದಾಗ ಈ ನಾಯಿಯನ್ನೇ ಕೇಳಿ ಪಡೆದಿದ್ದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುತ್ತಿರುವ ಚಿತ್ರವಿದೆ. ಸಾವಿರ ವರ್ಷ ದಾಟಿದರೂ ಆ ನಾಯಿ ಯಾವುದು, ಹೇಗೆ ಸತ್ತಿತು ಎಂದು ನಾವು ಹೇಳಬಲ್ಲೆವು. ನಮ್ಮ ಸರ್ಕಲ್ಲಿನ ಅಜಾತಶತ್ರುಗಳ ಬಗ್ಗೆ ಮುಂದಿನ ಯುಗಾದಿಗೆ ಅಷ್ಟು ಹೇಳಬಲ್ಲೆವೇ? ನಾವು ವೀರಗಲ್ಲಿನ ಮೇಲಿನ ಹಂತವನ್ನಷ್ಟೇ ಕತ್ತರಿಸಿ ಪ್ರಿಂಟ್ ಹಾಕಿಸುತ್ತಿದ್ದೇವೆ.

ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾವನ್ನು ಜನ ನಕ್ಕು ಮರೆತರು ಎಂಬುದು ನನ್ನ ಬೇಸರ. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯವರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಯನ್ನೂ ತಂದಿತು. ನೂರೊಂದು ವರ್ಷದ ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗುವವರು ಬರುವವರನ್ನೆಲ್ಲ ಬೈಯುತ್ತಾ ಇದ್ದು, ಎದ್ದು ಹೋಗಿ ಸಾಯುತ್ತಾನೆ. ಮಗ ಗಡ್ಡಪ್ಪ ಬ್ರಾಂದಿ ಹಿಡಿದು ಊರೂರು ಅಲೆಯುತ್ತಾನೆ. ಮೊಮ್ಮಗ ಜಮೀನು ಮಾರುವುದಕ್ಕೋಸ್ಕರ ಬದುಕಿರುವ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸಲು ಓಡಾಡುತ್ತಾನೆ. ಅಲ್ಲಿ ಯಾರೂ ದೇವರಲ್ಲ. ಆದರೂ ಚಿತ್ರ ಮುಗಿಯುವ ಹೊತ್ತಿಗೆ ಆ ಬೈಗುಳದ ಮುದುಕ ನಮಗೆ ಬೇಕಾದವನಾಗಿರುತ್ತಾನೆ. ಹೊಗಳಿಕೆಯಿಲ್ಲದೆ ಪ್ರೀತಿ ಹುಟ್ಟುವುದಿಲ್ಲ ಎಂದು ಯಾರು ಹೇಳಿದರು?

ಬರೆದವರಂತೂ ಈ ಕೆಲಸವನ್ನು ನಮಗಾಗಿ ಎಂದೋ ಮಾಡಿಟ್ಟಿದ್ದಾರೆ. ಕುವೆಂಪು 1994ರ ನವೆಂಬರಿನಲ್ಲಿ ತೀರಿಕೊಂಡಾಗ ನಾಡಿಗೆ ನಾಡೇ ರಾಷ್ಟ್ರಕವಿಯ ಗುಣಗಾನ ಮಾಡುತ್ತಿತ್ತು. ಮಗ ತೇಜಸ್ವಿ ಬರೆದದ್ದು ‘ಅಣ್ಣನ ನೆನಪು’. ಅದರಲ್ಲಿ ಮೈಸೂರಿನ ‘ಉದಯರವಿ’ ಮನೆಯ ಒಬ್ಬ ಅಪ್ಪ ಇದ್ದಾರೆ, ಅವರಿಗೆ ತಲೆನೋವಾಗಿದ್ದ ಒಬ್ಬ ಮಗನೂ ಇದ್ದಾನೆ, ನಗು ಬರುವ ಪೇಚಾಟಗಳಿವೆ. ಆ ಪುಸ್ತಕದಿಂದ ಕುವೆಂಪು ಒಂದು ಗುಲಗಂಜಿಯೂ ಕುಗ್ಗಲಿಲ್ಲ. ಗುಣಗಾನದ ಭಾಷಣಗಳು ಎಲ್ಲಿ ಹೋದವೋ ಗೊತ್ತಿಲ್ಲ, ಪುಸ್ತಕವನ್ನು ಇವತ್ತಿಗೂ ಓದುತ್ತಾರೆ. ಎಸ್.ಎಲ್. ಭೈರಪ್ಪ ‘ಭಿತ್ತಿ’ಯಲ್ಲಿ ತಮ್ಮ ತಂದೆಯ ಬೇಜವಾಬ್ದಾರಿಯನ್ನು ಎಲ್ಲೂ ಮೆತ್ತಗೆ ಮಾಡಲಿಲ್ಲ. ಅದು ಪ್ರೀತಿಯ ಚಿತ್ರವಲ್ಲ, ಆಗಬೇಕಾಗಿಯೂ ಇಲ್ಲ. ಹೊಡೆದು, ಉಣ್ಣಲಿಕ್ಕಿಲ್ಲದಂತೆ ಮಾಡಿ ಹೋದ ಅಪ್ಪನನ್ನು ಪ್ರೀತಿಸಲೇಬೇಕೆಂದು ಮಕ್ಕಳ ಮೇಲೆ ಹೇರುವುದು ಎರಡನೇ ಸಲ ಹೊಡೆದ ಹಾಗೆ. ಸಿದ್ದಲಿಂಗಯ್ಯನವರ ‘ಊರುಕೇರಿ’ಯ ಆ ನೋಟವನ್ನಂತೂ ಓದಿದವರು ಮರೆಯುವಂತಿಲ್ಲ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ, ನೊಗಕ್ಕೆ ಕಟ್ಟಿದವರಲ್ಲಿ ಒಬ್ಬರು ತನ್ನ ಅಪ್ಪ ಎಂದು ತಿಳಿಯುತ್ತದೆ. ಅಪ್ಪನ ಮರ್ಯಾದೆ ಉಳಿಸಬೇಕೆಂದು ಆ ಮಗ ಅದನ್ನು ಬರೆಯದೇ ಬಿಟ್ಟಿದ್ದರೆ ಯಾರ ಮರ್ಯಾದೆ ಉಳಿಯುತ್ತಿತ್ತು? ನೊಗ ಕಟ್ಟಿದವನದ್ದು.

ನನ್ನ ವಿರುದ್ಧ ಹೇಳಬಹುದಾದ ಮಾತುಗಳಲ್ಲಿ ಒಂದಕ್ಕೆ ಬೆಲೆ ಕೊಡುತ್ತೇನೆ. ಹೆಣ ಮನೆಯಲ್ಲಿರುವಾಗ, ಅಮ್ಮ ಇನ್ನೂ ಊಟ ಮುಟ್ಟದಿರುವಾಗ ಬಾಯಿಗೆ ಬಂದ ನಿಜ ಆಡುವುದು ಧೈರ್ಯವಲ್ಲ, ಕ್ರೌರ್ಯ. ಸಂತಾಪ ಹೇಳಲು ಬಂದವರು ‘ಒಳ್ಳೆ ಮನುಷ್ಯರು’ ಎಂದರೆ ಅದು ಬದುಕಿದವರಿಗೆ ಕೊಡುವ ಒಂದು ಲೋಟ ನೀರು. ಅದರಲ್ಲಿ ಸತ್ಯದ ಪ್ರಮಾಣ ಅಳೆಯಬೇಕಾಗಿಲ್ಲ. ನನ್ನ ಜಗಳ ಹನ್ನೊಂದು ದಿನದ ಆಚೆಯದು. ವರ್ಷ ಕಳೆದು, ಕಣ್ಣೀರು ಆರಿದ ಮೇಲೂ ಅದೇ ನಾಲ್ಕು ಪದ ಹೇಳುತ್ತಿದ್ದರೆ ಅದು ದುಃಖವಲ್ಲ, ಸೋಮಾರಿತನ.

ಇನ್ನೊಂದು ಮಾತಿಗೆ ಮಾತ್ರ ನನ್ನಲ್ಲಿ ಸಹನೆಯಿಲ್ಲ: ‘ಕಾಲವೇ ಹಾಗಿತ್ತು.’ ಅಕ್ಕನ ಪಿಯುಸಿ ಮಾತು ಬಂದಾಗಲೆಲ್ಲ ಅಣ್ಣ ಇದನ್ನೇ ಹೇಳುತ್ತಾನೆ. ಅದೇ ಕಾಲದಲ್ಲಿ, ಅದೇ ಬೀದಿಯಲ್ಲಿ, ಅದೇ ಹುಳು ಸಾಕುತ್ತಿದ್ದ ಇನ್ನೊಂದು ಮನೆಯ ಹುಡುಗಿ ಅದೇ ಬಸ್ಸು ಹತ್ತಿ ಕಾಲೇಜಿಗೆ ಹೋದಳು, ಟೀಚರಾಗಿ ರಿಟೈರಾದಳು. ಕಾಲ ಎಲ್ಲರಿಗೂ ಒಂದೇ ಇತ್ತು. ಅಪ್ಪ ಒಂದು ತೀರ್ಮಾನ ತೆಗೆದುಕೊಂಡರು. ತೀರ್ಮಾನ ಅವರದು ಎಂದು ಒಪ್ಪಿದರೆ ಅವರು ಒಬ್ಬ ಮನುಷ್ಯ. ಕಾಲದ್ದು ಎಂದರೆ ಅವರು ಗಾಳಿಗೆ ಸಿಕ್ಕ ತರಗೆಲೆ. ಅಪ್ಪನಿಗೆ ಹೆಚ್ಚು ಅವಮಾನ ಮಾಡುತ್ತಿರುವುದು ಅಣ್ಣನೋ ನಾನೋ, ಓದುವವರೇ ಹೇಳಲಿ.

ಹಾಗಾದರೆ ಏನು ಮಾಡಬೇಕೆನ್ನುತ್ತೀರಿ ಎಂದರೆ, ಕೇಳಬೇಕು. ಅಪ್ಪ ಮೊದಲ ಸಲ ಗೂಡು ಮಾರಿದಾಗ ಎಷ್ಟು ಸಿಕ್ಕಿತು, ಅದರಲ್ಲಿ ಏನು ಕೊಂಡರು? ಯಾವ ಜಮೀನು ಹೋಯಿತು, ಯಾರ ಮದುವೆಗೆ? ಯಾರ ಮೇಲೆ ಮನಸ್ಸಿತ್ತು, ಯಾರನ್ನು ಕಟ್ಟಿಕೊಂಡರು? ಯಾರ ಹತ್ತಿರ ಸಾಲ ತಂದು ವಾಪಸು ಕೊಡಲಿಲ್ಲ? ಯಾವುದಕ್ಕೆ ಹೆದರುತ್ತಿದ್ದರು? ಅಮ್ಮನನ್ನು ಕೇಳಿದರೆ ಅರ್ಧ ಹೇಳಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಏಳುತ್ತಾಳೆ. ನೆಂಟರು ಹೊಗಳುತ್ತಾರೆ. ಹೊಗಳಬೇಕಾದ ದರ್ದಿಲ್ಲದವರನ್ನು ಹುಡುಕಬೇಕು. ಅಪ್ಪನ ವಾರಿಗೆಯವರು ನಮ್ಮೂರಿನಲ್ಲಿ ಈಗ ಉಳಿದಿರುವುದೇ ಇಬ್ಬರೋ ಮೂವರೋ, ಅವರಲ್ಲಿ ಪಕ್ಕದ ಹೊಲದವರೂ ಒಬ್ಬರು. ನಾನು ಮೊದಲು ಹೋಗುವುದು ಅವರ ಮನೆಗೆ.